ಎರಡು ದಿನಕ್ಕೆ ತುರಿಕೆ ನಿಲ್ಲಿಸುವ ಮುಲಾಮು

(ತಿಪಟೂರಿನಲ್ಲಿ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು ಮತ್ತು ಅವರ ಮನೆಯವರ ಮುಂದೆ ಚರ್ಮವೈದ್ಯೆಯಾಗಿ ನಾನು ಆಡಿದ ಮಾತು. ಬರಹಕ್ಕೆ ಇಳಿಸುವಾಗ ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬರುವಾಗ ಮನೆಯಲ್ಲಿರುವ ಚರ್ಮದ ಮುಲಾಮುಗಳನ್ನೆಲ್ಲ ತನ್ನಿ ಅಂತ ಹೇಳಿ ಕಳಿಸಿದ್ದೆ. ಈ ಮೇಜಿನ ಮೇಲೆ ದೊಡ್ಡ ರಾಶಿಯೇ ಆಗಿದೆ. ಅರ್ಧ ಹಿಂಡಿದ್ದು, ಬಾಯಿ ಒಣಗಿದ್ದು, ಹೆಸರು ಅಳಿಸಿಹೋಗಿದ್ದು, ಎಲ್ಲ ಇದೆ. ತುರಿಕೆ ಬಂದರೆ ನಾವು ಮೊದಲು ಹೋಗುವುದು ಮೆಡಿಕಲ್ ಸ್ಟೋರಿಗೆ. ಅದಕ್ಕಾಗಿ ನಿಮ್ಮನ್ನು ಬೈಯಲು ನಾನು ಬಂದಿಲ್ಲ. ಚರ್ಮದ ಡಾಕ್ಟರನ್ನು ನೋಡಬೇಕು ಅಂದರೆ ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನ ಖರ್ಚು, ಜೊತೆಗೆ ಒಬ್ಬರು ಬರಬೇಕು. ತುರಿಕೆಗೆ ಅಷ್ಟೆಲ್ಲ ಯಾಕೆ ಅಂತ ಅನಿಸುವುದು ಸಹಜ. ಅದಕ್ಕೇ ಅಂಗಡಿಯ ಮದ್ದು ಮತ್ತು ಮನೆಮದ್ದು, ಇವೆರಡರಲ್ಲಿ ಯಾವುದನ್ನು ನಂಬಬಹುದು, ಯಾವುದನ್ನು ನಂಬಬಾರದು ಅನ್ನುವುದನ್ನು ಇವತ್ತು ಬಿಡಿಸಿ ಹೇಳುತ್ತೇನೆ.

ಈ ರಾಶಿಯಿಂದ ಒಂದು ಟ್ಯೂಬ್ ಎತ್ತಿಕೊಳ್ಳೋಣ. ಮುಂದೆ ದೊಡ್ಡಕ್ಷರದಲ್ಲಿ ಕಂಪನಿ ಇಟ್ಟ ಹೆಸರು. ಅದನ್ನು ಓದಬೇಡಿ. ಕೆಳಗೆ ಸಣ್ಣಕ್ಷರದಲ್ಲಿ ಇರುವುದನ್ನು ಓದಿ. ಕ್ಲೋಬೆಟಾಸಾಲ್ ಒಂದು, ನಿಯೋಮೈಸಿನ್ ಒಂದು, ಮೈಕೊನಜೋಲ್ ಒಂದು. ಇನ್ನೊಂದರಲ್ಲಿ ಬೆಟಾಮೆಥಾಸೋನ್, ಜೆಂಟಾಮೈಸಿನ್, ಕ್ಲೋಟ್ರಿಮಜೋಲ್. ಮೂರು ಮೂರು ಮದ್ದು ಒಂದೇ ಟ್ಯೂಬಿನಲ್ಲಿ. ಒಂದು ಫಂಗಸ್ಸಿಗೆ, ಒಂದು ಬ್ಯಾಕ್ಟೀರಿಯಾಕ್ಕೆ, ಇನ್ನೊಂದು ಸ್ಟೀರಾಯ್ಡ್. ರೋಗ ಯಾವುದಾದರೂ ಇರಲಿ, ಮೂರರಲ್ಲಿ ಒಂದಾದರೂ ತಾಗುತ್ತದೆ ಅನ್ನುವ ಲೆಕ್ಕ. ಈ ಲೆಕ್ಕವೇ ನಮ್ಮ ಚರ್ಮವನ್ನು ಹಾಳು ಮಾಡುತ್ತಿದೆ. ನನ್ನ ಇವತ್ತಿನ ಮಾತೆಲ್ಲ ಇದರ ಸುತ್ತಲೇ ಇದೆ.

ಚರ್ಮ ಯಾಕೆ ಕೆಂಪಾಗುತ್ತದೆ? ಒಳಗೆ ಏನೋ ನುಗ್ಗಿದೆ ಅಥವಾ ಏನೋ ತಾಗಿದೆ ಅಂತ ದೇಹಕ್ಕೆ ಗೊತ್ತಾದಾಗ ಆ ಜಾಗಕ್ಕೆ ರಕ್ತ ಜಾಸ್ತಿ ಹರಿಯುತ್ತದೆ. ಬಿಸಿಯಾಗುತ್ತದೆ, ಊದುತ್ತದೆ, ಕಡಿಯುತ್ತದೆ. ನೋಡಲು ಕೆಟ್ಟದಾಗಿದ್ದರೂ ಇದು ದೇಹ ಮಾಡುತ್ತಿರುವ ಕೆಲಸ. ಸ್ಟೀರಾಯ್ಡ್ ಈ ಕೆಲಸವನ್ನು ತಡೆಯುತ್ತದೆ. 1952ರಲ್ಲಿ ಅಮೆರಿಕದಲ್ಲಿ ಸಲ್ಜ್‌ಬರ್ಗರ್ ಮತ್ತು ವಿಟನ್ ಎಂಬ ಇಬ್ಬರು ವೈದ್ಯರು ಹೈಡ್ರೊಕಾರ್ಟಿಸೋನ್ ಮುಲಾಮಿನಿಂದ ಚರ್ಮದ ಉರಿಯೂತ ಇಳಿಯುತ್ತದೆ ಅಂತ ತೋರಿಸಿದರು. ಚರ್ಮವೈದ್ಯರ ಪಾಲಿಗೆ ಅದು ದೊಡ್ಡ ವರ. ಅದಕ್ಕಿಂತ ಮೊದಲು ಟಾರು, ಗಂಧಕ ಹಚ್ಚಿಕೊಂಡು ಆಸ್ಪತ್ರೆಯಲ್ಲಿ ವಾರಗಟ್ಟಲೆ ಮಲಗುತ್ತಿದ್ದ ರೋಗಿಗಳು ಮನೆಯಲ್ಲೇ ವಾಸಿಯಾದರು. ಆಮೇಲೆ ಇನ್ನೂ ಬಲವಾದವು ಬಂದವು. ನಿಮ್ಮ ಟ್ಯೂಬಿನಲ್ಲಿರುವ ಕ್ಲೋಬೆಟಾಸಾಲ್ ಆ ಮೊದಲ ಹೈಡ್ರೊಕಾರ್ಟಿಸೋನಿಗಿಂತ ಸುಮಾರು 600 ಪಟ್ಟು ಬಲದ್ದು. ಹಚ್ಚುವ ಸ್ಟೀರಾಯ್ಡ್‌ಗಳಲ್ಲಿ ಅತಿ ಬಲವಾದ ಸಾಲಿನಲ್ಲಿ ಅದು ನಿಲ್ಲುತ್ತದೆ. ಅದನ್ನು ನಾವು ತೊಡೆ ಸಂದಿಗೆ, ಮಗುವಿನ ಕುಂಡಿಗೆ, ಮುಖಕ್ಕೆ ಹಚ್ಚುತ್ತಿದ್ದೇವೆ.

ಈಗ ಹುಳುಕಡ್ಡಿಯ ವಿಷಯಕ್ಕೆ ಬರುತ್ತೇನೆ. ಕೆಲವರು ಗಜಕರ್ಣ ಅನ್ನುತ್ತೀರಿ. ದುಂಡಗೆ ಕೆಂಪಗಿರುತ್ತದೆ, ಅಂಚು ಉಬ್ಬಿರುತ್ತದೆ, ನಡುವೆ ತಿಳಿಯಾಗಿರುತ್ತದೆ, ರಾತ್ರಿ ನಿದ್ದೆ ಬಿಡದಷ್ಟು ಕಡಿತ. ಇದು ಫಂಗಸ್. ಅದರ ಮೇಲೆ ಈ ಮೂರರ ಮುಲಾಮು ಹಚ್ಚಿದರೆ ಏನಾಗುತ್ತದೆ? ಎರಡೇ ದಿನಕ್ಕೆ ತುರಿಕೆ ನಿಲ್ಲುತ್ತದೆ, ಕೆಂಪು ಇಳಿಯುತ್ತದೆ. ಮದ್ದು ಕೆಲಸ ಮಾಡಿತು ಅಂತ ನಾವು ಖುಷಿ ಪಡುತ್ತೇವೆ. ಆದರೆ ಕಡಿಮೆಯಾಗಿದ್ದು ದೇಹದ ಹೋರಾಟ. ಫಂಗಸ್ ಇದ್ದಲ್ಲೇ ಇದೆ, ಆರಾಮಾಗಿ ಹರಡುತ್ತಿದೆ. ಕಳ್ಳ ಒಳಗಿರುವಾಗಲೇ ಬೊಗಳುವ ನಾಯಿಯ ಬಾಯಿ ಕಟ್ಟಿದ ಹಾಗೆ. ಟ್ಯೂಬ್ ಮುಗಿದ ಮೇಲೆ, ಇಲ್ಲವೇ ಸುಮ್ನೆ ಒಂದು ವಾರ ನಿಲ್ಲಿಸಿದ ಮೇಲೆ, ಅದು ಎರಡರಷ್ಟು ಜಾಗಕ್ಕೆ ಬಂದಿರುತ್ತದೆ. ಆಗ ಮತ್ತೆ ಅದೇ ಟ್ಯೂಬ್. ಹೀಗೆ ತಿಂಗಳುಗಳು, ವರ್ಷಗಳು ಕಳೆಯುತ್ತವೆ. ಆ ದುಂಡನೆಯ ರೂಪವೂ ಕಳೆದುಹೋಗಿ, ಕೆಲವೊಮ್ಮೆ ಡಾಕ್ಟರರಾದ ನಮಗೇ ಇದು ಹುಳುಕಡ್ಡಿ ಅಂತ ಗುರುತು ಹಿಡಿಯುವುದು ಕಷ್ಟವಾಗುತ್ತದೆ. ಅಂಚನ್ನು ಕೆರೆದು ಹೊಟ್ಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗುತ್ತದೆ.

ಹುಳುಕಡ್ಡಿ ಮೊದಲು ಇಷ್ಟು ಹಠಮಾರಿ ಆಗಿರಲಿಲ್ಲ. ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ನಮ್ಮ ದೇಶದಲ್ಲಿ ಫಂಗಸ್ಸಿನ ಜಾತಿಯೇ ಬದಲಾಗಿದೆ. 2020ರಲ್ಲಿ ಜಪಾನಿನ ವಿಜ್ಞಾನಿಗಳು ಒಬ್ಬ ಭಾರತೀಯ ಮತ್ತು ಒಬ್ಬ ನೇಪಾಳಿ ರೋಗಿಯ ಚರ್ಮದಿಂದ ತೆಗೆದ ಫಂಗಸ್ಸಿಗೆ ಟ್ರೈಕೊಫೈಟಾನ್ ಇಂಡೊಟಿನಿಯೆ ಅಂತ ಹೆಸರಿಟ್ಟರು. ನಮ್ಮ ದೇಶದ ಹೆಸರು ಅದರಲ್ಲೇ ಸೇರಿಕೊಂಡಿದೆ. ಟರ್ಬಿನಾಫಿನ್ ಅನ್ನುವ, ಒಂದು ಕಾಲಕ್ಕೆ ನಾವು ಕಣ್ಣು ಮುಚ್ಚಿ ಬರೆದುಕೊಡುತ್ತಿದ್ದ ಮಾತ್ರೆಗೆ ಇದು ಎಷ್ಟೋ ಸಲ ಬಗ್ಗುವುದಿಲ್ಲ. 2023ರಲ್ಲಿ ನ್ಯೂಯಾರ್ಕಿನಲ್ಲೂ ಇಬ್ಬರಲ್ಲಿ ಸಿಕ್ಕಿತು. ಇದು ಇಷ್ಟು ಬೆಳೆಯಲು ಹಲವು ಕಾರಣ ಇರಬಹುದು. ಸ್ಟೀರಾಯ್ಡ್ ಬೆರೆಸಿದ ಮುಲಾಮುಗಳ ಮನಬಂದ ಬಳಕೆ ಅದರಲ್ಲಿ ಒಂದು ಅಂತ ಈ ರೋಗವನ್ನು ದಿನಾ ನೋಡುವ ನಮಗೆಲ್ಲ ಅನಿಸಿದೆ.

ಸರ್ಕಾರ ಏನೂ ಮಾಡಿಲ್ಲ ಅಂತಲ್ಲ. ಹಚ್ಚುವ ಸ್ಟೀರಾಯ್ಡ್‌ಗಳಿಗೆ ಕಾನೂನಿನಲ್ಲಿ ಮೊದಲು ಒಂದು ವಿನಾಯಿತಿ ಇತ್ತು. 2018ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ 14 ಸ್ಟೀರಾಯ್ಡ್‌ಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ಪೂರ್ತಿಯಾಗಿ ತಂದಿತು. ಅಂದರೆ ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ಇಷ್ಟಾದರೂ ಈ ಮೇಜಿನ ಮೇಲೆ ಇರುವ ರಾಶಿಗೆ ಎಷ್ಟು ಚೀಟಿ ಇತ್ತು ಅಂತ ನೀವೇ ಹೇಳಿ. ಟ್ಯೂಬಿನ ಮೇಲೆ ಕೆಂಪು ಗೆರೆ ಇದ್ದರೆ, ‘ಆರ್‌ಎಕ್ಸ್’ ಅಂತ ಇದ್ದರೆ, ಅದು ಕೇಳಿ ತೆಗೆದುಕೊಳ್ಳುವ ಮದ್ದಲ್ಲ. ಇಂಗ್ಲಿಷ್ ಓದಲು ಬಾರದಿದ್ದರೂ ಗೆರೆ ಕಾಣುತ್ತದೆ. ಓದಲು ಬರುವ ಮಕ್ಕಳಿಗೆ ಒಂದು ವಿಷಯ ಹೇಳಿಕೊಡಿ. ಹೆಸರಿನ ಕೊನೆಯಲ್ಲಿ ‘ಸೋನ್’ ಬಂದರೆ, ಅಥವಾ ಕ್ಲೋಬೆಟಾಸಾಲ್, ಹ್ಯಾಲೊಬೆಟಾಸಾಲ್ ಅಂತ ಇದ್ದರೆ ಅದು ಸ್ಟೀರಾಯ್ಡ್ ಅಂತ ತಿಳಿಯಲಿ. ಬೆಟಾಮೆಥಾಸೋನ್, ಮೊಮೆಟಾಸೋನ್, ಡೆಕ್ಸಾಮೆಥಾಸೋನ್, ಎಲ್ಲ ಅದೇ ಮನೆಯವು.

ತಪ್ಪಾಗಿ ಹಚ್ಚಿದರೆ ಆಗುವ ಹಾನಿ ಫಂಗಸ್ ಹರಡುವುದಕ್ಕೇ ನಿಲ್ಲುವುದಿಲ್ಲ. ಚರ್ಮ ತೆಳುವಾಗುತ್ತದೆ. ತೊಡೆಯ ಸಂದಿಯಲ್ಲಿ, ಕಂಕುಳಲ್ಲಿ ನೇರಳೆ ಬಣ್ಣದ ಅಗಲ ಗೆರೆಗಳು ಬೀಳುತ್ತವೆ. ಬಸಿರಲ್ಲಿ ಹೊಟ್ಟೆಯ ಮೇಲೆ ಬೀಳುವ ಗೆರೆಗಳಂಥವೇ, ಆದರೆ ಇನ್ನೂ ಆಳ. ಅವು ಹೋಗುವುದಿಲ್ಲ. ಇಪ್ಪತ್ತು ವರ್ಷದ ಹುಡುಗರು ಬಂದು ಪ್ಯಾಂಟ್ ಸರಿಸಿ ತೋರಿಸುವಾಗ ನನಗೆ ಬೇಜಾರಾಗುತ್ತದೆ, ಯಾಕೆಂದರೆ ಅವರಿಗೆ ಕೊಡಲು ನನ್ನ ಹತ್ತಿರ ಏನೂ ಇಲ್ಲ. ಕಣ್ಣಿನ ರೆಪ್ಪೆಗೆ ತಿಂಗಳುಗಟ್ಟಲೆ ಹಚ್ಚಿದರೆ ಕಣ್ಣಿನ ಒತ್ತಡ ಏರುವ ಅಪಾಯ ಇದೆ. ಎಳೆಮಕ್ಕಳ ಚರ್ಮ ತೆಳು, ಡಯಾಪರ್ ಒಳಗೆ ಹಚ್ಚಿದ್ದು ರಕ್ತಕ್ಕೂ ಸೇರುತ್ತದೆ. ಕ್ಲೋಬೆಟಾಸಾಲ್ ಹಚ್ಚಿ ಮಗುವಿನ ಮುಖ ಊದಿ ದುಂಡಗಾಗಿ, ಬೆಳವಣಿಗೆ ಕುಂಟಿದ ಉದಾಹರಣೆಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಇವೆ.

ಇಷ್ಟು ಹೇಳಿದ ಮೇಲೆ ಸ್ಟೀರಾಯ್ಡ್ ಅಂದರೆ ವಿಷ ಅಂತ ನೀವು ಮನೆಗೆ ಹೋದರೆ ಅದೂ ತೊಂದರೆಯೇ. ಇಸುಬಿಗೆ ಸರಿಯಾದ ಬಲದ ಸ್ಟೀರಾಯ್ಡ್ ಬೇಕೇ ಬೇಕು. ಇಸುಬು ಇರುವ ಮಗುವಿಗೆ ಡಾಕ್ಟರು ಬರೆದುಕೊಟ್ಟ ಮುಲಾಮನ್ನು ಹೆದರಿ ಹೆದರಿ ಚಿಟಿಕೆಯಷ್ಟು ಹಚ್ಚುವ ತಾಯಂದಿರನ್ನೂ ನೋಡುತ್ತೇನೆ. ಮಗು ರಾತ್ರಿಯೆಲ್ಲ ಕೆರೆದುಕೊಂಡು ಅಳುತ್ತದೆ. ಎಷ್ಟು ಹಚ್ಚಬೇಕು ಅನ್ನುವುದಕ್ಕೆ ಒಂದು ಅಳತೆ ಇದೆ. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಟ್ಯೂಬಿನಿಂದ ಒಂದು ಗೆರೆ ಹಿಂಡಿ. ಅದು ಸುಮಾರು ಅರ್ಧ ಗ್ರಾಂ. ಬೆರಳು ಸೇರಿ ಎರಡು ಅಂಗೈಯಷ್ಟು ಅಗಲದ ಚರ್ಮಕ್ಕೆ ಅಷ್ಟು ಸಾಕು. ಎಷ್ಟು ದಿನ ಅಂತ ಡಾಕ್ಟರನ್ನು ಕೇಳಿ ಚೀಟಿಯಲ್ಲೇ ಬರೆಸಿಕೊಳ್ಳಿ. ಅವರು ಬರೆಯದಿದ್ದರೆ ಕೇಳಲು ಸಂಕೋಚ ಬೇಡ.

ಹಾಗಾದರೆ ಹುಳುಕಡ್ಡಿಗೆ ಅಂಗಡಿಯಲ್ಲಿ ಏನು ಕೇಳಬೇಕು? ಫಂಗಸ್ಸಿನದ್ದು ಮಾತ್ರ ಇರುವ ಮುಲಾಮು. ಕ್ಲೋಟ್ರಿಮಜೋಲ್ 1% ಅಂತ ಒಂದೇ ಹೆಸರು ಇರಬೇಕು, ಪಕ್ಕದಲ್ಲಿ ಇನ್ನೇನೂ ಇರಬಾರದು. ಕೆಂಪಿನ ಅಂಚಿನಿಂದ ಎರಡು ಬೆರಳಷ್ಟು ಹೊರಗಿನವರೆಗೂ ಹಚ್ಚಿ. ತುರಿಕೆ ನಿಧಾನಕ್ಕೆ ಇಳಿಯುತ್ತದೆ, ಒಂದು ವಾರ ಸಹಿಸಿಕೊಳ್ಳಬೇಕು. ಪೂರ್ತಿ ಮಾಸಿದ ಮೇಲೂ ಇನ್ನು 2 ವಾರ ಹಚ್ಚಿ. ಒಟ್ಟು ಕನಿಷ್ಠ 4 ವಾರ ಅಂತ ಇಟ್ಟುಕೊಳ್ಳಿ. ಅಷ್ಟರಲ್ಲಿ ಇಳಿಯದಿದ್ದರೆ, ಅಥವಾ ಮೈಯ ಹಲವು ಕಡೆ ಇದ್ದರೆ, ಮುಲಾಮಿನಿಂದ ಮಾತ್ರ ಆಗುವುದಿಲ್ಲ, ಡಾಕ್ಟರ ಹತ್ತಿರ ಬಂದು ಮಾತ್ರೆ ತೆಗೆದುಕೊಳ್ಳಬೇಕು. ಇನ್ನು ಉಡಿದಾರ. ಸ್ನಾನದ ನೀರು, ಬೆವರು ಎರಡೂ ಅದರಲ್ಲಿ ಇಂಗಿ ದಿನವಿಡೀ ಒದ್ದೆಯಾಗಿರುತ್ತದೆ, ಫಂಗಸ್ಸೂ ಅಲ್ಲೇ ಉಳಿದುಕೊಳ್ಳುತ್ತದೆ. ವಾಸಿಯಾಗುವವರೆಗೆ ಬಿಚ್ಚಿಡಿ, ಆಮೇಲೆ ಹೊಸದು ಕಟ್ಟಿಕೊಳ್ಳಿ. ಶಾಸ್ತ್ರಕ್ಕೆ ಬೇಕೇ ಬೇಕು ಅನ್ನುವವರು ಬೆಳ್ಳಿಯದು ಹಾಕಿಕೊಂಡು ದಿನಾ ಒರೆಸಿಕೊಳ್ಳಬಹುದು. ಮನೆಯವರೆಲ್ಲ ಒಂದೇ ಟವೆಲ್ಲಿನಲ್ಲಿ ಒರೆಸಿಕೊಳ್ಳಬೇಡಿ. ಒಳಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು, ಒಳಮಗ್ಗುಲು ಹೊರಗೆ ಮಾಡಿ ಬಿಸಿಲಿಗೆ ಹಾಕಿ. ಮಳೆಗಾಲದಲ್ಲಿ ಅರ್ಧ ಒಣಗಿದ್ದನ್ನು ಹಾಕಿಕೊಳ್ಳುವ ಬದಲು ಇಸ್ತ್ರಿ ಮಾಡಿಕೊಳ್ಳಿ.

ಈಗ ಮನೆಮದ್ದು. ಇದರ ಬಗ್ಗೆ ನನಗೆ ತಾತ್ಸಾರ ಇಲ್ಲ. ಚರ್ಮದ ವೈದ್ಯದಲ್ಲಿ ಹಳೆಯ ಕಾಲದಿಂದ ಬಂದ ಒಂದು ಸೂತ್ರ ಇದೆ. ನೀರು ಸೋರುತ್ತಿದ್ದರೆ ಒಣಗಿಸು, ಒಣಗಿದ್ದರೆ ಎಣ್ಣೆ ಹಾಕು. ಇಸುಬು ಕೆಂಪಾಗಿ ನೀರು ಸೋರುತ್ತಿದೆ ಅನ್ನಿ. ಅದರ ಮೇಲೆ ಎಣ್ಣೆ, ಬೆಣ್ಣೆ, ದಪ್ಪ ಮುಲಾಮು ಯಾವುದೂ ಬೇಡ. ಕುದಿಸಿ ಆರಿಸಿದ ನೀರಿನಲ್ಲಿ ಹಳೆಯ ಶುದ್ಧ ಹತ್ತಿ ಬಟ್ಟೆ ಅದ್ದಿ, ಹಿಂಡಿ, 10 ರಿಂದ 15 ನಿಮಿಷ ಮೇಲೆ ಇಡಿ. ದಿನಕ್ಕೆ ಎರಡು ಮೂರು ಸಲ. ಬರೀ ನೀರೇ ಅಂತ ಅಸಡ್ಡೆ ಮಾಡಬೇಡಿ. ಉರಿ, ತುರಿಕೆ ಎರಡೂ ಇಳಿಯುತ್ತವೆ, ಸೋರುವುದು ನಿಲ್ಲುತ್ತದೆ. ಬೆವರುಸಾಲೆಗೆ, ಸೊಳ್ಳೆ ಕಚ್ಚಿದ್ದಕ್ಕೆ ಕ್ಯಾಲಮೈನ್ ಲೋಷನ್ ಒಳ್ಳೆಯದು. ಅದರಲ್ಲಿ ಇರುವುದು ಹೆಚ್ಚಾಗಿ ಸತುವಿನ ಪುಡಿ, ಹಚ್ಚಿ ಒಣಗುವಾಗ ತಂಪು ಕೊಡುತ್ತದೆ.

ಒಣ ಚರ್ಮಕ್ಕೆ ಏನು ಅಂತ ತಿಪಟೂರಿನವರಿಗೆ ನಾನು ಹೇಳಬೇಕಾ? ಕೊಬ್ಬರಿ ಎಣ್ಣೆ. ಫಿಲಿಪೀನ್ಸಿನಲ್ಲಿ ಇಸುಬು ಇರುವ ಮಕ್ಕಳಿಗೆ 8 ವಾರ ಕೊಬ್ಬರಿ ಎಣ್ಣೆ ಮತ್ತು ಮಿನರಲ್ ಆಯಿಲ್ ಹಚ್ಚಿ ಹೋಲಿಸಿ ನೋಡಿದ್ದಾರೆ. ಕೊಬ್ಬರಿ ಎಣ್ಣೆಯೇ ಮೇಲಾಯಿತು. ಸ್ನಾನ ಆದ ಕೂಡಲೇ, ಮೈ ಇನ್ನೂ ಸ್ವಲ್ಪ ಒದ್ದೆ ಇರುವಾಗಲೇ ಸವರಿಕೊಳ್ಳಿ. ಆಗ ನೀರಿನ ಪಸೆ ಒಳಗೇ ಉಳಿಯುತ್ತದೆ. ಸ್ನಾನಕ್ಕೆ ಮೊದಲು ಹಚ್ಚಿ ಸೋಪಿನಲ್ಲಿ ತೊಳೆದುಬಿಟ್ಟರೆ ಏನು ಉಳಿಯಿತು? ಆದರೆ ತಲೆಯಲ್ಲಿ ಹೊಟ್ಟು ಜಾಸ್ತಿ ಇದ್ದು, ಹುಬ್ಬು, ಮೂಗಿನ ಪಕ್ಕ ಕೆಂಪಾಗಿ ಜಿಡ್ಡು ಹೊಟ್ಟು ಏಳುವವರು ಅಲ್ಲಿಗೆ ಎಣ್ಣೆ ಕಡಿಮೆ ಮಾಡಬೇಕು. ಅದಕ್ಕೆ ಕಾರಣವಾಗುವ ಯೀಸ್ಟ್ ಬದುಕುವುದೇ ಎಣ್ಣೆಯ ಮೇಲೆ. ಕೀಟೊಕೊನಜೋಲ್ ಶಾಂಪೂ ಹಚ್ಚಿ, 5 ನಿಮಿಷ ಬಿಟ್ಟು ತೊಳೆಯುವುದು ಅವರಿಗೆ ಸರಿ.

ಅರಿಶಿನ, ಬೇವು? ಬೇವಿನ ಎಲೆ ಕುದಿಸಿದ ನೀರು ಆರಿದ ಮೇಲೆ ಮೈಗೆ ಹಾಕಿಕೊಳ್ಳಬಹುದು, ತೊಂದರೆ ಇಲ್ಲ. ಅರಿಶಿನವನ್ನು ಗಟ್ಟಿ ಚರ್ಮದ ಮೇಲೆ ಹಚ್ಚಿದರೆ ಅಡ್ಡಿಯಿಲ್ಲ. ಒಡೆದು ಸೋರುವ ಗಾಯಕ್ಕೆ ಡಬ್ಬಿಯ ಅರಿಶಿನ ತುಂಬಬೇಡಿ, ಆ ಪುಡಿ ಶುದ್ಧವಾಗಿರುವುದಿಲ್ಲ. ಲೋಳೆಸರದ ಎಲೆ ಕೊಯ್ದರೆ ಮೊದಲು ಹಳದಿ ಹಾಲು ಬರುತ್ತದೆ. ಅದು ಸೋರಿಹೋಗಲಿ, ತೊಳೆದು ಆಮೇಲೆ ಒಳಗಿನ ಲೋಳೆ ಮಾತ್ರ ಹಚ್ಚಿ. ಆ ಹಳದಿ ಹಾಲಿನಿಂದಲೇ ಎಷ್ಟೋ ಜನರಿಗೆ ಕಡಿತ ಬರುತ್ತದೆ.

ಬೆಳ್ಳುಳ್ಳಿ ಜಜ್ಜಿ ಕಟ್ಟುವುದನ್ನು ದಯವಿಟ್ಟು ನಿಲ್ಲಿಸಿ. ಬೆಂಕಿ ತಾಗಿದ ಹಾಗೆ ಸುಟ್ಟು ಬೊಬ್ಬೆ ಏಳುತ್ತದೆ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಬೀಳುತ್ತದೆ, ತಿಂಗಳುಗಟ್ಟಲೆ ಇರುತ್ತದೆ. ನಂಜುನಾಶಕ ದ್ರವವನ್ನು ನೀರು ಬೆರೆಸದೆ ಸುರಿಯುವುದು, ಟೂತ್‌ಪೇಸ್ಟ್, ಸೀಮೆಎಣ್ಣೆ, ಬ್ಯಾಟರಿಯ ಆಸಿಡ್, ಇವೆಲ್ಲವನ್ನೂ ಜನ ಹುಳುಕಡ್ಡಿಗೆ ಹಚ್ಚುತ್ತಾರೆ. ಸುಟ್ಟ ಗಾಯದ ಕೆಳಗೆ ಫಂಗಸ್ ಹಾಗೇ ಇರುತ್ತದೆ.

ಕೆಲವೊಮ್ಮೆ ಮದ್ದಿಗಿಂತ ಕಾರಣ ಹುಡುಕುವುದು ಮುಖ್ಯ. ಹೊಲದಲ್ಲಿ ಕೆಲಸ ಮಾಡುವ ಗಂಡಸರಿಗೆ ಕಣ್ಣಿನ ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆ ಕೆಂಪಾಗಿ ದಪ್ಪಗಾದರೆ ನಾನು ಮೊದಲು ಕೇಳುವುದು ಕಾಂಗ್ರೆಸ್ ಗಿಡದ ಬಗ್ಗೆ. 1955ರ ಸುಮಾರಿಗೆ ಪುಣೆಯಲ್ಲಿ ಕಣ್ಣಿಗೆ ಬಿದ್ದ ಈ ಪಾರ್ಥೇನಿಯಂ ನಮ್ಮ ರಾಜ್ಯವನ್ನೆಲ್ಲ ತುಂಬಿತು. 1984ರಲ್ಲಿ ಬೆಂಗಳೂರಿನಲ್ಲಿ ಅದನ್ನು ತಿನ್ನುವ ಮೆಕ್ಸಿಕೋದ ಜೀರುಂಡೆಯನ್ನು ಬಿಟ್ಟರು. ಆದರೂ ಗಿಡ ಇನ್ನೂ ಇದೆ. ಒಣಗಿದ ಗಿಡದ ಧೂಳು ಗಾಳಿಯಲ್ಲಿ ಬಂದು ಕೂತರೂ ಸಾಕು. ಅಂಥವರು ಗಿಡ ಕೀಳುವ ಕೆಲಸಕ್ಕೆ ಹೋಗಲೇಬಾರದು, ತುಂಬು ತೋಳಿನ ಬಟ್ಟೆ ಹಾಕಬೇಕು, ಮನೆಗೆ ಬಂದ ಕೂಡಲೇ ಸ್ನಾನ ಮಾಡಬೇಕು. ತಲೆಗೆ ಬಣ್ಣ ಹಾಕಿದ ಎರಡು ದಿನಕ್ಕೆ ಕಿವಿ, ಹಣೆ ಊದಿದರೆ ಬಣ್ಣದ್ದೇ ಕೆಲಸ. ಗಾಯಕ್ಕೆ ಹಚ್ಚುವ ನಿಯೋಮೈಸಿನ್, ಫ್ರಾಮೈಸಿಟಿನ್ ಮುಲಾಮಿಗೂ ಅಲರ್ಜಿ ಆಗುತ್ತದೆ. ಹಚ್ಚಿದಷ್ಟೂ ಗಾಯ ಕೆಂಪಾಗುತ್ತಿದ್ದರೆ ಮುಲಾಮನ್ನೇ ಅನುಮಾನಿಸಿ.

ಮನೆಮದ್ದಿಗೆ ಕಾಯಲೇಬಾರದ ಎರಡು ವಿಷಯ ಹೇಳಿ ಪ್ರಶ್ನೆಗಳಿಗೆ ಬರುತ್ತೇನೆ. ಒಂದು ಸರ್ಪಸುತ್ತು. ಮೈಯ ಒಂದೇ ಪಕ್ಕದಲ್ಲಿ ಪಟ್ಟಿಯ ಹಾಗೆ ಉರಿಯುವ ಗುಳ್ಳೆ. ಚಿಕ್ಕಂದಿನಲ್ಲಿ ಬಂದ ಚಿಕನ್ ಪಾಕ್ಸಿನ ವೈರಸ್ ನರದಲ್ಲಿ ಅಡಗಿದ್ದು ಮತ್ತೆ ಎದ್ದಿರುತ್ತದೆ. ಕೆಮ್ಮಣ್ಣು ಹಚ್ಚಿಸುವುದು, ಮಂತ್ರ ಹಾಕಿಸುವುದು ನಿಮ್ಮ ನಂಬಿಕೆ, ಆದರೆ ಅದಕ್ಕಾಗಿ ಮೂರು ದಿನ ಕಳೆಯಬೇಡಿ. ಗುಳ್ಳೆ ಎದ್ದ 72 ಗಂಟೆಯೊಳಗೆ ವೈರಸ್ಸಿನ ಮಾತ್ರೆ ಶುರುವಾದರೆ ಬೇಗ ಒಣಗುತ್ತದೆ, ನೋವು ಕಡಿಮೆಯಾಗುತ್ತದೆ. ಹಣೆ, ಮೂಗಿನ ತುದಿಗೆ ಬಂದರೆ ಅದೇ ದಿನ ಕಣ್ಣಿನ ಡಾಕ್ಟರಿಗೂ ತೋರಿಸಬೇಕು. ಎರಡನೆಯದು, ತುರಿಕೆಯೂ ಇಲ್ಲದ, ಮುಟ್ಟಿದರೂ ಗೊತ್ತಾಗದ ಬಿಳಿಚು ಅಥವಾ ಕೆಂಪು ಮಚ್ಚೆ. ಅದಕ್ಕೆ ಯಾವ ಮುಲಾಮೂ ಬೇಡ. ಕುಷ್ಠ ಇರಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮದ್ದು ಪೂರ್ತಿ ಉಚಿತ, ಬೇಗ ಶುರು ಮಾಡಿದರೆ ಯಾವ ಊನವೂ ಉಳಿಯುವುದಿಲ್ಲ.

ಮೊದಲ ಪ್ರಶ್ನೆ ಹಿಂದಿನ ಸಾಲಿನ ಒಬ್ಬ ಅಜ್ಜಿಯದು. “ಡಾಕ್ಟ್ರಮ್ಮ, ನಮ್ಮನೇಲಿ ಎಲ್ಲರಿಗೂ ಕಡಿತ. ರಾತ್ರಿ ಜಾಸ್ತಿ. ಬೆರಳ ಸಂದಿ, ಹೊಕ್ಕುಳ ಸುತ್ತ. ಇದೂ ಹುಳುಕಡ್ಡಿನಾ?”

ಇಲ್ಲ ಅಜ್ಜಿ, ಅದು ಹೆಚ್ಚಾಗಿ ಕಜ್ಜಿ. ಚರ್ಮದೊಳಗೆ ಬಿಲ ತೋಡುವ ಕಣ್ಣಿಗೆ ಕಾಣದಷ್ಟು ಸಣ್ಣ ಹುಳದ ಕೆಲಸ. ಪರ್ಮೆಥ್ರಿನ್ 5% ಕ್ರೀಮು ಬೇಕು. ನಾಳೆ ಆರೋಗ್ಯ ಕೇಂದ್ರದಲ್ಲಿ ತೋರಿಸಿ ಬರೆಸಿಕೊಳ್ಳಿ. ಕಡಿತ ಇರಲಿ ಬಿಡಲಿ, ಮನೆಯವರೆಲ್ಲ ಒಂದೇ ರಾತ್ರಿ ಹಚ್ಚಬೇಕು. ಕತ್ತಿನಿಂದ ಅಂಗಾಲಿನವರೆಗೆ, ಉಗುರಿನ ಸಂದಿಗೂ. ಬೆಳಿಗ್ಗೆ ಸ್ನಾನ ಮಾಡಿ, ಹಾಸಿಗೆ ಬಟ್ಟೆ ಬಿಸಿನೀರಿನಲ್ಲಿ ಒಗೆಯಬೇಕು. ಒಂದು ವಾರ ಬಿಟ್ಟು ಇನ್ನೊಂದು ಸಲ. ಹುಳ ಸತ್ತ ಮೇಲೂ ಎರಡು ಮೂರು ವಾರ ಕಡಿತ ಇರಬಹುದು, ಹೆದರಿ ಮತ್ತೆ ಮತ್ತೆ ಹಚ್ಚಬೇಡಿ. ಕೂಸುಗಳಿಗೆ ಎಷ್ಟು, ಎಲ್ಲಿ ಹಚ್ಚಬೇಕು ಅಂತ ಅಲ್ಲೇ ಕೇಳಿ.

ಎರಡನೆಯದು ಒಬ್ಬ ಹುಡುಗಿಯದು, ಎದ್ದು ನಿಲ್ಲದೆ ಚೀಟಿಯಲ್ಲಿ ಬರೆದು ಕಳಿಸಿದ್ದಾಳೆ. ಮುಖ ಬೆಳ್ಳಗಾಗಲಿ ಅಂತ ಗೆಳತಿ ಹೇಳಿದ ಕ್ರೀಮನ್ನು ಒಂದು ವರ್ಷದಿಂದ ಹಚ್ಚುತ್ತಿದ್ದಾಳೆ. ಈಗ ಬಿಟ್ಟರೆ ಮುಖ ಉರಿಯುತ್ತದೆ, ಮೊಡವೆ ಏಳುತ್ತದೆ, ಹಚ್ಚಿದರೆ ಸುಮ್ಮನಾಗುತ್ತದೆ. ಕ್ರೀಮಿನ ಹೆಸರಿನ ಕೆಳಗೆ ಹೈಡ್ರೊಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್ ಅಂತ ಇದೆಯಂತೆ.

ಮಗಳೇ, ಇದರಲ್ಲಿ ನಿನ್ನ ತಪ್ಪು ಏನೂ ಇಲ್ಲ. ಬಂಗು, ಅಂದರೆ ಮುಖದ ಮೇಲಿನ ಕಂದು ಕಲೆಗೆ ಡಾಕ್ಟರು ಕೆಲವು ವಾರಗಳ ಮಟ್ಟಿಗೆ ಬರೆಯುವ ಮದ್ದು ಅದು, ದಿನಾ ಹಚ್ಚುವ ಫೇಸ್ ಕ್ರೀಮು ಅಲ್ಲ. ಮುಖದ ಚರ್ಮ ಈಗ ಸ್ಟೀರಾಯ್ಡಿಗೆ ಒಗ್ಗಿಹೋಗಿದೆ. ಬಿಟ್ಟಾಗ ಉರಿಯುವುದು ಅದಕ್ಕೇ. ಆ ಉರಿಗೆ ಹೆದರಿ ಮತ್ತೆ ಹಚ್ಚಿದರೆ ಇದು ಮುಗಿಯುವುದಿಲ್ಲ. ಟ್ಯೂಬನ್ನು ಎಸೆಯಬೇಡ, ತೆಗೆದುಕೊಂಡು ಚರ್ಮದ ಡಾಕ್ಟರ ಹತ್ತಿರ ಬಾ. ಒಮ್ಮೆಲೇ ನಿಲ್ಲಿಸಬೇಕೋ, ಕಡಿಮೆ ಬಲದ್ದಕ್ಕೆ ಇಳಿದು ನಿಲ್ಲಿಸಬೇಕೋ ಅಂತ ಮುಖ ನೋಡಿ ಹೇಳಬೇಕಾಗುತ್ತದೆ. ಉರಿ ತಡೆಯಲು ಸ್ಟೀರಾಯ್ಡ್ ಇಲ್ಲದ ಮುಲಾಮುಗಳು ಇವೆ. ಅಲ್ಲಿಯವರೆಗೆ ತಣ್ಣೀರಿನ ಬಟ್ಟೆ ಇಟ್ಟುಕೋ, ವಾಸನೆ ಇಲ್ಲದ ಸಾದಾ ಮಾಯಿಶ್ಚರೈಸರ್ ಹಚ್ಚು, ಸೋಪು, ಸ್ಕ್ರಬ್, ಬ್ಲೀಚ್ ಎಲ್ಲ ಬಿಡು, ಬಿಸಿಲಿಗೆ ಹೋಗುವಾಗ ಛತ್ರಿ ಹಿಡಿ. ಸರಿಹೋಗಲು ಕೆಲವು ತಿಂಗಳು ಹಿಡಿಯಬಹುದು. ಮೊದಲ ಎರಡು ಮೂರು ವಾರ ಜಾಸ್ತಿ ಕಷ್ಟ ಅಂತ ಮನೆಯವರಿಗೂ ಹೇಳಿಡು, ಆ ದಿನಗಳಲ್ಲಿ ಯಾರೂ ನಿನ್ನ ಮುಖದ ಬಗ್ಗೆ ಮಾತಾಡದಿರಲಿ.